ಒಂಟೆಯೇರಿ ಬಂದ ಚಿನ್ನದ ಹಾಳೆಗಳು!

ತಲೆಮಾರುಗಳ ಹಗೆಯ ನೆರೆರಾಜ್ಯ. ಈಗ ಒಪ್ಪಂದವಾಗಿದೆ, ಅಲ್ಲಿ ಹೊಸ ಸುಲ್ತಾನ ಪಟ್ಟವೇರಿದ್ದಾನೆ. ನೀವು ದೊರೆಯಾಗಿದ್ದರೆ ಏನು ಕಾಣಿಕೆ ಕಳಿಸುತ್ತೀರಿ? ಕುದುರೆ? ಮುತ್ತು? ರತ್ನ? ಊಹಿಸಿ ನೋಡೋಣ!

ಪರ್ಷಿಯಾದ ಶಾ ತಹಮಾಸ್ಪ್ ಕಳಿಸಿದ್ದು ಒಂದು ಪುಸ್ತಕ!

1568. ಒಟ್ಟೋಮನ್ ಸುಲ್ತಾನ ಎರಡನೇ ಸೆಲೀಮನಿಗೆ ಕಾಣಿಕೆ ಹೊತ್ತು ರಾಯಭಾರಿಗಳು ಎದಿರ್ನೆ ನಗರಕ್ಕೆ ಬಂದರು. ಒಂಟೆಗಳೇ 34! ಆ ಕಾಣಿಕೆಗಳ ನಡುವೆ ಪರ್ಷಿಯಾದ ಕವಿ ಫಿರ್ದೌಸಿಯ ‘ಶಾಹನಾಮೆ’ ಕಾವ್ಯದ ಒಂದು ಪ್ರತಿ.

ಎಂಥ ಪ್ರತಿ ಅಂತೀರಿ! 759 ಹಾಳೆ. ಅಂಚಿನ ತುಂಬ ಚಿನ್ನದ ಹುಡಿ. ಚಿತ್ರಗಳೆಷ್ಟಿರಬಹುದು? ಐವತ್ತು? ನೂರು? ಇನ್ನೂ ಮೇಲೇರಿ. 258!

ತಬ್ರೀಜಿನ ಚಿತ್ರಶಾಲೆಯಲ್ಲಿ ಎರಡು ತಲೆಮಾರಿನ ಕಲಾವಿದರು ದುಡಿದ ಫಲ ಅದು. ಅವರಲ್ಲಿ ಸುಲ್ತಾನ್ ಮುಹಮ್ಮದ್ ಎಂಬಾತ ಬರೆದ ಒಂದು ಪುಟವಿದೆ. ನಾನು ಅದರಿಂದ ಕಣ್ಣು ಕೀಳಲಾರೆ! ಲೋಕದ ಮೊದಲ ಅರಸ ಗಯೂಮರ್ಸ್ ಬೆಟ್ಟದ ಮೇಲೆ ಕೂತಿದ್ದಾನೆ. ಚಿರತೆಯ ತೊಗಲುಟ್ಟ ಜನ ಸುತ್ತ ನೆರೆದಿದ್ದಾರೆ. ಕಾಡುಮೃಗಗಳು ಸಾಧುವಾಗಿ ಕೂತಿವೆ. ಚೆಂದವೇ. ಆದರೆ ಬಂಡೆಗಳನ್ನು ನೋಡಿ! ನೇರಳೆ, ನೀಲಿ, ಹಸಿರು ಕಲ್ಲುಗಳ ಮಡಿಕೆಗಳಲ್ಲಿ ಮುಖಗಳು! ಮನುಷ್ಯರವು, ಪ್ರಾಣಿಗಳವು! ಒಂದು ಕಂಡರೆ ಅದರ ಬೆನ್ನಿಗೇ ಇನ್ನೊಂದು! ಇದರ ಮುಂದೆ ನುರಿತ ಚಿತ್ರಕಾರರೂ ನಾಚಿ ತಲೆತಗ್ಗಿಸಿದರೆಂದು ಆ ಕಾಲದ ಕಲಾವಿದ ದೋಸ್ತ್ ಮುಹಮ್ಮದ್ ಬರೆದಿಟ್ಟಿದ್ದಾನೆ.

ಇನ್ನೂ ಸೋಜಿಗ ಬೇಕೆ? ಈ ಕಾವ್ಯದಲ್ಲಿ ಇರಾನಿನ ವೀರರು ಸದೆಬಡಿಯುವುದು ತುರಾನಿನವರನ್ನು. ಆ ಕಾಲದ ಇರಾನಿಗಳ ಕಣ್ಣಲ್ಲಿ ತುರಾನ್ ಅಂದರೆ ತುರ್ಕರ ನಾಡು. ಅದನ್ನೇ ತುರ್ಕರ ಸುಲ್ತಾನನ ಕೈಗಿಟ್ಟರು! ಎಂಥ ಎದೆಗಾರಿಕೆ!

ಒಟ್ಟೋಮನ್ ಅರಮನೆ ಅದನ್ನು ಶತಮಾನಗಟ್ಟಲೆ ಜೋಪಾನ ಮಾಡಿತು. ಮುಂದೆ ಅದು ಯುರೋಪು ಸೇರಿ, 1959ರಲ್ಲಿ ಅಮೆರಿಕದ ಪುಸ್ತಕ ಸಂಗ್ರಾಹಕ ಆರ್ಥರ್ ಹೌಟನ್ ಕೈಗೆ ಬಂತು. ಆತ ಮಾಡಿದ್ದೇನು? ಪುಸ್ತಕ ಬಿಚ್ಚಿಸಿ ಹಾಳೆ ಹಾಳೆ ಮಾಡಿದ! 78 ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟ, ಇನ್ನಷ್ಟನ್ನು ಮಾರಿದ. ಇದನ್ನು ಕ್ಷಮಿಸಲು ನನ್ನಿಂದಾಗದು.

ಕತೆ ಮುಗಿಯಲಿಲ್ಲ. 1994ರಲ್ಲಿ ಉಳಿದ 118 ಚಿತ್ರಗಳು ಇರಾನಿಗೆ ಮರಳಿದವು. ಎಷ್ಟು ಹಣಕ್ಕೆ? ಒಂದು ಕಾಸೂ ಇಲ್ಲ! ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ನೇರ ಅದಲುಬದಲು! ಟೆಹರಾನಿನ ಸಂಗ್ರಹಾಲಯದಲ್ಲಿದ್ದ ಒಂದೇ ಒಂದು ಆಧುನಿಕ ಚಿತ್ರ ಆ ಕಡೆಗೆ, ಇಷ್ಟೆಲ್ಲ ಈ ಕಡೆಗೆ! ಹೊರಗೆ ಉಳಿದ ಹಾಳೆಗಳ ಬೆಲೆ ಗೊತ್ತೆ? 2011ರಲ್ಲಿ ಲಂಡನ್ನಿನ ಹರಾಜಿನಲ್ಲಿ ಒಂದೇ ಹಾಳೆ 70 ಲಕ್ಷ ಪೌಂಡ್ ದಾಟಿತು!

ನಿಮಗೆ ಮಾತ್ರ ಖರ್ಚಿಲ್ಲ. ಗಯೂಮರ್ಸ್ ಪುಟ ಈಗ ಟೊರಾಂಟೊದ ಆಗಾ ಖಾನ್ ಮ್ಯೂಸಿಯಂನಲ್ಲಿದೆ, ಅದರ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಇವತ್ತೇ ತೆರೆಯಿರಿ, ಬಂಡೆಗಳನ್ನು ದೊಡ್ಡದು ಮಾಡಿ ನೋಡಿ, ಮನೆಯ ಮಕ್ಕಳನ್ನೂ ಕೂರಿಸಿಕೊಂಡು ಮುಖಗಳನ್ನು ಎಣಿಸಿ!