ಗುದ್ದಿದವನಿಗೆ ವಿಮೆಯೇ ಇಲ್ಲದಿದ್ದರೆ?

ಮೊಮ್ಮಗಳನ್ನು ನೋಡಲೆಂದು ಮೈಸೂರಿನಿಂದ ಬಂದಿಳಿದ ಅಜ್ಜ-ಅಜ್ಜಿ ಹಿಂದಿನ ಸೀಟಿನಲ್ಲಿದ್ದಾರೆ, ಮುಂದೆ ಮಗ-ಸೊಸೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಸಿಗ್ನಲ್‌ಗೆ ನಿಂತಿದ್ದ ಆ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು ಎಂದಿಟ್ಟುಕೊಳ್ಳಿ. ತಪ್ಪೆಲ್ಲ ಗುದ್ದಿದವನದೇ. ಆದರೆ ಅವನ ಹತ್ತಿರ ವಿಮೆಯೇ ಇಲ್ಲ.

ಆಸ್ಪತ್ರೆಯ ಬಿಲ್ ಯಾರು ಕಟ್ಟಬೇಕು?

ಇಂಥದ್ದು ಅಪರೂಪಕ್ಕೆ ನಡೆಯುವುದೇನಲ್ಲ. ಅಮೆರಿಕದಲ್ಲಿ ಸರಿಸುಮಾರು ಎಂಟು ಚಾಲಕರಲ್ಲಿ ಒಬ್ಬರಿಗೆ ವಿಮೆ ಇಲ್ಲ ಎಂದು ಅಲ್ಲಿನ ಇನ್ಶೂರೆನ್ಸ್ ರಿಸರ್ಚ್ ಕೌನ್ಸಿಲ್ 2019ಕ್ಕೆ ಲೆಕ್ಕ ಹಾಕಿತ್ತು. ನ್ಯೂಜೆರ್ಸಿಯಲ್ಲಿ ಶೇ 3.1ರಷ್ಟಿದ್ದ ಈ ಪ್ರಮಾಣ ಮಿಸಿಸಿಪ್ಪಿಯಲ್ಲಿ ಶೇ 29.4.

ಇಂಥ ಹೊತ್ತಿಗೆ ಒದಗುವುದು 'ಅನ್‌ಇನ್ಶೂರ್ಡ್ ಮೋಟರಿಸ್ಟ್' ಕವರ್. ಗುದ್ದಿದವನ ವಿಮಾ ಕಂಪನಿ ಕೊಡಬೇಕಿದ್ದ ಪರಿಹಾರವನ್ನು ನಿಮ್ಮದೇ ಕಂಪನಿ ಕೊಡುತ್ತದೆ. ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳ, ಅನುಭವಿಸಿದ ನೋವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾರಿನಲ್ಲಿ ಕುಳಿತಿದ್ದ ಅಜ್ಜ-ಅಜ್ಜಿಗೂ ಇದು ಸಲ್ಲುತ್ತದೆ. ಆದರೆ ಹಣ ತಾನಾಗಿ ಬರುವುದಿಲ್ಲ. ತಪ್ಪು ಎದುರಿನವನದು, ನಷ್ಟ ಇಷ್ಟು ಎಂದು ನೀವೇ ತೋರಿಸಬೇಕು. ವರ್ಷವರ್ಷ ಪ್ರೀಮಿಯಂ ಕಟ್ಟಿಸಿಕೊಂಡ ಕಂಪನಿಯೇ ಆಗ ನಿಮ್ಮ ಎದುರು ಪಕ್ಷ. ಮಾತು ಹೊಂದದಿದ್ದರೆ ಕ್ಯಾಲಿಫೋರ್ನಿಯಾದಲ್ಲಿ ವ್ಯಾಜ್ಯ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ.

ಗುದ್ದಿ ಓಡಿಹೋದವನನ್ನೂ ವಿಮೆಯಿಲ್ಲದವನೆಂದೇ ಎಣಿಸುತ್ತಾರೆ. ಆದರೆ ಆ ರಾಜ್ಯದಲ್ಲಿ ಎರಡು ವಾಹನಗಳು ಒಂದಕ್ಕೊಂದು ತಾಗಿರಲೇಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಿರಬೇಕು. ಯಾರೋ ಅಡ್ಡ ನುಗ್ಗಿದರೆಂದು ಸ್ಟಿಯರಿಂಗ್ ತಿರುಗಿಸಿ ಕಂಬಕ್ಕೆ ಗುದ್ದಿದರೆ ಈ ಕವರ್ ಕೈಹಿಡಿಯುವುದಿಲ್ಲ. ಜೀವ ಉಳಿಸಿಕೊಳ್ಳಲು ಪಕ್ಕಕ್ಕೆ ಸರಿದವರಿಗೆ ಇದು ಅನ್ಯಾಯವೇ ಸರಿ.

ಹೆಚ್ಚಿನವರು ಎಡವುವುದು ಮೊತ್ತದಲ್ಲಿ. ಗುದ್ದಿದವನಿಗೆ ವಿಮೆ ಇದೆ, ಆದರೆ ಸಾಲದು ಎನ್ನುವ ಸಂದರ್ಭವೇ 'ಅಂಡರ್‌ಇನ್ಶೂರ್ಡ್'. ಕ್ಯಾಲಿಫೋರ್ನಿಯಾದಲ್ಲಿ ಚಾಲಕರು ಹೊಂದಿರಲೇಬೇಕಾದ ಕನಿಷ್ಠ ವಿಮೆ ದಶಕಗಳ ಕಾಲ ಗಾಯಾಳು ಒಬ್ಬರಿಗೆ 15,000 ಡಾಲರ್ ಮಾತ್ರ ಇತ್ತು. 2025ರ ಜನವರಿ 1ರಿಂದ ಅದು 30,000 ಆಗಿದೆ. ನಿಮ್ಮ ಕವರ್ ಒಂದು ಲಕ್ಷ ಡಾಲರ್ ಇದ್ದು, ಎದುರಿನವನ ಕಂಪನಿ 30,000 ಕೊಟ್ಟರೆ, ನಿಮ್ಮ ಕಂಪನಿಯಿಂದ ಹೆಚ್ಚೆಂದರೆ 70,000 ಬರುತ್ತದೆ. ಪ್ರೀಮಿಯಂ ಉಳಿಸಲು ನೀವೂ 30,000ಕ್ಕೇ ನಿಂತಿದ್ದರೆ ಅಲ್ಲಿಂದ ಬರುವುದು ಸೊನ್ನೆ.

ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು ಈ ಕವರ್ ನೀಡಲೇಬೇಕು, ಬೇಡವೆನ್ನುವವರು ಬರೆದು ಸಹಿ ಮಾಡಬೇಕು. ಹೊಸ ಊರಿನ ಗಡಿಬಿಡಿಯಲ್ಲಿ ಹತ್ತಾರು ಪುಟಗಳ ನಡುವೆ ಆ ಸಹಿಯೂ ಬಿದ್ದುಹೋಗಿರುತ್ತದೆ. ಅಮೆರಿಕದಲ್ಲಿರುವ ಮಗನೋ ಮಗಳೋ ಈ ಭಾನುವಾರ ಫೋನ್ ಮಾಡಿದಾಗ, ಪಾಲಿಸಿಯ ಮೊದಲ ಪುಟ ತೆಗೆದು 'ಅನ್‌ಇನ್ಶೂರ್ಡ್ ಮೋಟರಿಸ್ಟ್' ಎಂಬ ಸಾಲಿನ ಮುಂದೆ ಎಷ್ಟು ಬರೆದಿದೆ ಎಂದು ಓದಿ ಹೇಳುವಂತೆ ಕೇಳಿ.