ಫರಸಿ ಕಲ್ಲಿನ ಮೇಲೆ ಡೀಪ್ ಪರ್ಪಲ್

ವಾಡಿ ಜಂಕ್ಷನ್ನಿನಲ್ಲಿ ರಾತ್ರಿಯಿಡೀ ಗೂಡ್ಸ್ ಗಾಡಿಗಳ ಓಡಾಟ. ಸಿಮೆಂಟು, ಕಲ್ಲಿದ್ದಲು ಹೊತ್ತು ಅವು ಸಾಗುವಾಗ ನಮ್ಮ ಮನೆಯ ನೆಲ ಸಣ್ಣಗೆ ಅದುರುತ್ತದೆ. ರಿಕಾರ್ಡ್ ಪ್ಲೇಯರ್ ಇಟ್ಟುಕೊಂಡವರಿಗೆ ಈ ಅದುರು ದೊಡ್ಡ ಕಾಟ. ಪ್ಲೇಯರಿನ ಮುಳ್ಳು ಹಿಡಿಯುವುದೇ ಕಂಪನವನ್ನು. ಅದು ಹಾಡಿನದೋ ರೈಲಿನದೋ ಎಂದು ಮುಳ್ಳಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಶಹಾಬಾದಿಗೆ ಹೋಗಿ ಎರಡು ಇಂಚು ದಪ್ಪದ ಫರಸಿ ಕಲ್ಲು ಕತ್ತರಿಸಿಕೊಂಡು ಬಂದೆ. ‘ದೇವರ ಕಟ್ಟಿಗೇನ್ರಿ ಸರ?’ ಎಂದು ಪಾಲಿಶ್ ಮಾಡುವ ಹುಡುಗ ಕೇಳಿದ. ‘ಇಲ್ಲಪಾ, ಹಾಡಿನ ಪೆಟ್ಟಿಗಿಗೆ’ ಎಂದೆ. ನಾಲ್ಕೂ ಮೂಲೆ ಉಜ್ಜಿ ನುಣುಪು ಮಾಡಿಕೊಟ್ಟ. ಕೆಳಗೆ ರಬ್ಬರ್ ತುಂಡು, ಮೇಲೆ ಫರಸಿ, ಅದರ ಮೇಲೆ ಪ್ಲೇಯರ್. ಈಗ ಗಾಡಿ ಹೋದರೂ ಗಿಟಾರಿನ ತಳದಲ್ಲಿ ಗುಡುಗು ಸೇರುವುದಿಲ್ಲ.

ನನ್ನದು ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಕಸುಬು. ಚಿತ್ತಾಪುರ, ಚಿಂಚೋಳಿ ಕಡೆಯಿಂದ ಜಾತ್ರೆಯ ಮೈಕ್ ಸೆಟ್ಟುಗಳು ಬರುತ್ತವೆ, ಅಜ್ಜನ ಕಾಲದ ಪ್ಲೇಯರುಗಳೂ ಬರುತ್ತವೆ. ಹೋದ ವರ್ಷ ಸೇಡಂನ ಸಿಮೆಂಟ್ ಕಾಲೊನಿಯ ಎಂಜಿನಿಯರ್ ಒಬ್ಬರು ಪ್ಲೇಯರ್ ಜೊತೆಗೆ ದೊಡ್ಡದೊಂದು ಡಬ್ಬಿಯನ್ನೂ ತಂದಿದ್ದರು: ಹಾರ್ಡ್ ರಾಕ್ ತಂಡ ಡೀಪ್ ಪರ್ಪಲ್‌ನ ‘ಮೆಷಿನ್ ಹೆಡ್’ ಆಲ್ಬಮ್ಮಿನ 2024ರ ಸೂಪರ್ ಡಿಲಕ್ಸ್ ಆವೃತ್ತಿ. ಹಳೆಯ ಆಲ್ಬಮ್ಮಿಗೆ ಇಷ್ಟು ಹಣ ಯಾಕೆ ಕೊಡಬೇಕು ಎಂದು ಅಂಗಡಿಯಲ್ಲಿದ್ದ ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಡಿಲಕ್ಸ್ ಎಂದರೆ 180 ಗ್ರಾಂ ತೂಕದ ತಟ್ಟೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಸಾದಾ ಎಲ್‌ಪಿ ಸುಮಾರು 120ರಿಂದ 140 ಗ್ರಾಂ ಇರುತ್ತದೆ. ತಟ್ಟೆ ಭಾರವಾದರೆ ಬೇಗ ಬಾಗುವುದಿಲ್ಲ, ಅಷ್ಟೇ. ಸ್ವರ ಸುಧಾರಿಸುವುದು ತೂಕದಿಂದಲ್ಲ. ಗೆರೆಗಳ ನಡುವೆ ಎಷ್ಟು ಜಾಗವಿದೆ ಎಂಬುದು ಅದಕ್ಕಿಂತ ಮುಖ್ಯ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದವರೆಗೆ ಹಾಡು ಸುಖವಾಗಿ ಹಿಡಿಸುತ್ತದೆ. ಹೆಚ್ಚು ತುರುಕಿದರೆ ಗೆರೆಗಳನ್ನು ಒತ್ತೊತ್ತಾಗಿ, ತೆಳುವಾಗಿ ಕೊರೆಯಬೇಕು. ಡ್ರಮ್ಮಿನ ಪೆಟ್ಟು, ಬೇಸ್ ಗಿಟಾರಿನ ತೂಕ ಮೊದಲು ಸೊರಗುತ್ತವೆ. ಹಾರ್ಡ್ ರಾಕಿಗೆ ಅದೇ ಜೀವ. ಒಂದು ತಟ್ಟೆಯ ಆಲ್ಬಮ್ಮನ್ನು ಎರಡರಲ್ಲಿ ಹರಡಿ, ನಿಮಿಷಕ್ಕೆ 33ರ ಬದಲು 45 ಸುತ್ತಿಗೆ ಕೊರೆದ ಆವೃತ್ತಿಗಳು ಬರುವುದು ಈ ಕಾರಣಕ್ಕೆ.

ಇನ್ನೊಂದು ಸಂಗತಿ ಮೂಲ ಟೇಪ್. ‘ರೀಮಾಸ್ಟರ್’ ಎಂದರೆ ಆಗಲೇ ಹದ ಮಾಡಿ ಮುಗಿಸಿದ ಟೇಪನ್ನು ಮತ್ತೊಮ್ಮೆ ಶುದ್ಧವಾಗಿ ಎತ್ತಿಕೊಳ್ಳುವುದು. ‘ರೀಮಿಕ್ಸ್’ ಅದಕ್ಕೂ ಹಿಂದಕ್ಕೆ ಹೋಗುತ್ತದೆ: ದನಿ, ಡ್ರಮ್, ಗಿಟಾರ್ ಬೇರೆಬೇರೆ ಇರುವ ಟೇಪಿನಿಂದ ಹಾಡನ್ನು ಹೊಸದಾಗಿ ಕೂಡಿಸುವುದು. ಸೇಡಂನಿಂದ ಬಂದ ಡಬ್ಬಿಯ ಎಲ್‌ಪಿಯಲ್ಲಿದ್ದದ್ದು ಹೊಸ ಮಿಕ್ಸ್. ಅದರ ಹಿಂದಿನ ಕಥೆ ನನಗೆ ಬಲು ಇಷ್ಟ. 1971ರ ಡಿಸೆಂಬರಿನಲ್ಲಿ ಆ ತಂಡ ರಿಕಾರ್ಡಿಂಗಿಗೆಂದು ಸ್ವಿಟ್ಜರ್ಲೆಂಡಿನ ಮೊಂತ್ರೋಗೆ ಹೋಗಿತ್ತು. ಅಲ್ಲಿನ ಕ್ಯಾಸಿನೊದಲ್ಲಿ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ಅವರ ಕಛೇರಿ ನಡೆಯುತ್ತಿದ್ದಾಗ ಯಾರೋ ಹಾರಿಸಿದ ಬೆಂಕಿಯ ಬಾಣದಿಂದ ಕಟ್ಟಡವೇ ಸುಟ್ಟುಹೋಯಿತು. ಪಕ್ಕದ ಸರೋವರದ ಮೇಲೆ ಹಬ್ಬಿದ ಹೊಗೆಯಿಂದ ‘ಸ್ಮೋಕ್ ಆನ್ ದ ವಾಟರ್’ ಹುಟ್ಟಿತು. ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್ಲಿನ ಓಣಿಯಲ್ಲಿ ವಾದ್ಯ ಜೋಡಿಸಿಕೊಂಡು, ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್ ತಂಡದ ರಿಕಾರ್ಡಿಂಗ್ ಲಾರಿಗೆ ವೈರ್ ಎಳೆದು ಆಲ್ಬಮ್ ಮುಗಿಸಿದರು. ಐದು ದಶಕ ಕಳೆದ ಮೇಲೆ ಅದನ್ನು ಹೊಸದಾಗಿ ಮಿಕ್ಸ್ ಮಾಡಿದವರು ಡ್ವೀಜಲ್ ಜಪ್ಪಾ, ಅದೇ ಫ್ರಾಂಕ್ ಜಪ್ಪಾ ಅವರ ಮಗ!

ನನ್ನ ಮಟ್ಟಿಗೆ ಇಂಥ ಆವೃತ್ತಿಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಲೆಡ್ ಜೆಪ್ಲಿನ್ ತಂಡದ ‘ಕೋಡಾ’. ಗಿಟಾರ್ ವಾದಕ ಜಿಮ್ಮಿ ಪೇಜ್ 2014ರಿಂದ ತಮ್ಮ ತಂಡದ ಸ್ಟುಡಿಯೊ ಆಲ್ಬಮ್ಮುಗಳನ್ನೆಲ್ಲ ಸ್ವತಃ ಕೂತು ರೀಮಾಸ್ಟರ್ ಮಾಡಿಸಿ, ಪ್ರತಿಯೊಂದಕ್ಕೂ ಹೊರಬರದೆ ಉಳಿದಿದ್ದ ಧ್ವನಿಮುದ್ರಣಗಳ ತಟ್ಟೆ ಸೇರಿಸಿದರು. 2015ರ ‘ಕೋಡಾ’ ಡಿಲಕ್ಸ್‌ನಲ್ಲಿ 1972ರಲ್ಲಿ ಮುಂಬೈಯಲ್ಲಿ ನಮ್ಮ ವಾದ್ಯಗಾರರ ಜೊತೆ ನುಡಿಸಿದ ಎರಡು ಹಾಡುಗಳಿವೆ. ರಾಕಿನ ಲಯಕ್ಕೆ ತಬಲಾ ಬೀಳುವುದನ್ನು ಕೇಳಬೇಕು. ವಾಡಿಯಿಂದ ಒಂದೇ ರೈಲಿನ ದೂರದಲ್ಲಿ ನಡೆದ ಈ ಕೆಲಸ ನಾಲ್ಕು ದಶಕಕ್ಕೂ ಮೀರಿ ಕಪಾಟಿನಲ್ಲಿತ್ತು. ಡಿಲಕ್ಸ್ ಆವೃತ್ತಿಗೆ ಕೊಡುವ ಹಣಕ್ಕೆ ಅರ್ಥ ಬರುವುದು ಇಂಥದ್ದರಿಂದ. ಬಣ್ಣದ ತಟ್ಟೆ, ಪೋಸ್ಟರುಗಳಿಂದಲ್ಲ. ನಮ್ಮ ಗಾಯಕ ಮಲ್ಲಿಕಾರ್ಜುನ ಮನ್ಸೂರರು ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗಳ ಮೂರು ಚಿಲ್ಲರೆ ನಿಮಿಷದಲ್ಲೇ ರಾಗದ ಮುಖ ತೋರಿಸಿದವರು. ಅವುಗಳಿಗೂ ಇಷ್ಟೇ ಶ್ರದ್ಧೆಯ, ವಿವರವಾದ ಪುಸ್ತಿಕೆಯಿರುವ ಪೆಟ್ಟಿಗೆಯೊಂದು ಬರಬೇಕೆಂಬುದು ನನ್ನ ಗಾಢವಾದ ಆಸೆ.

ಕೊಳ್ಳುವವರು ಯಾವ ಟೇಪಿನಿಂದ ಕೊರೆದಿದ್ದಾರೆ, ಯಾರು ಮಾಸ್ಟರ್ ಮಾಡಿದ್ದಾರೆ ಎಂದು ಮೊದಲು ಓದಿಕೊಳ್ಳಿ. ಇವೆರಡೂ ಇಲ್ಲದೆ ಬರೀ 180 ಗ್ರಾಂ ಎಂದಷ್ಟೇ ಚೀಟಿ ಅಂಟಿಸಿದ್ದರೆ ಹಣ ಉಳಿಸಿಕೊಳ್ಳಿ. ನಮ್ಮ ಸೀಮೆಯ ಸುಣ್ಣದಕಲ್ಲಿನ ಧೂಳು ಗೆರೆಗೆ ಇಳಿದರೆ ಪ್ರತಿ ಸುತ್ತಿಗೂ ಚಟಪಟ ಎನ್ನುತ್ತದೆ. ಹಾಡು ಹಚ್ಚುವ ಮೊದಲು ಕಾರ್ಬನ್ ಫೈಬರ್ ಬ್ರಷ್ ಆಡಿಸಿ; ತೊಳೆಯುವುದಾದರೆ ಬೋರಿನ ನೀರು ಬೇಡ, ಡಿಸ್ಟಿಲ್ಡ್ ವಾಟರೇ ಆಗಬೇಕು. ತಟ್ಟೆಗಳನ್ನು ಯಾವಾಗಲೂ ನಿಲ್ಲಿಸಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಆರ್ಡರ್ ಮಾಡಬೇಡಿ. ಕಲಬುರಗಿ ಬಿಸಿಲಿನಲ್ಲಿ ಕೊರಿಯರ್ ವ್ಯಾನಿನೊಳಗೆ ಎಂಥ ಭಾರದ ತಟ್ಟೆಯೂ ಬಾಗುತ್ತದೆ.