ಬಾಲದ ಮೇಲಿನ ನಂಬರು

ಪೀಣ್ಯದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ವಿಮಾನಕ್ಕೆ ಹೋಗುವ ಅಲ್ಯೂಮಿನಿಯಂ ಬ್ರಾಕೆಟ್ಟೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೆ. ಹೆಬ್ಬೆರಳಗಲದ ಜಾಗದಲ್ಲಿ ಪಾರ್ಟ್ ನಂಬರು, ಅದರ ಕೆಳಗೆ ಸೀರಿಯಲ್ ನಂಬರು. ಪಕ್ಕದ ಟ್ರೇಯಲ್ಲಿ ಕೆಂಪು ಬಣ್ಣ ಬಳಿದ ಇನ್ನೊಂದು ಬ್ರಾಕೆಟ್ಟು, ಅಳತೆ ತಪ್ಪಿದ್ದು. ಅದರ ನಂಬರೂ ಜಾಬ್ ಕಾರ್ಡಿನಲ್ಲಿತ್ತು. "ರಿಜೆಕ್ಟ್ ಆದ್ರೂ ಬರೀಲೇಬೇಕು ಸಾರ್, ಇಲ್ಲಾಂದ್ರೆ ಲೆಕ್ಕ ತಾಳೆ ಆಗಲ್ಲ" ಎಂದರು ಆಪರೇಟರ್.

ಯುದ್ಧದಲ್ಲಿ ಯಾರು ಯಾರ ವಿಮಾನ ಉರುಳಿಸಿದರು ಎಂದು ಹುಡುಕುವವರು ನೆಚ್ಚುವುದೂ ಇಂಥ ಲೆಕ್ಕವನ್ನೇ. ಹೊಡೆದವನ ಮಾತಿಗಿಂತ ಕಳೆದುಕೊಂಡವನ ಪುಸ್ತಕ ಗಟ್ಟಿ. ಪ್ರತಿ ಯುದ್ಧವಿಮಾನಕ್ಕೂ ಅದರದೇ ನಂಬರಿದೆ. ಅದು ಹಿಂದಿರುಗದಿದ್ದರೆ ಪುಸ್ತಕದಿಂದ ತೆಗೆಯಬೇಕು, ಬದಲಿ ವಿಮಾನ ಕೇಳಬೇಕು, ಪೈಲಟ್ ಸತ್ತಿದ್ದರೆ ಮನೆಯವರಿಗೆ ತಿಳಿಸಬೇಕು, ಪಿಂಚಣಿ ಶುರುಮಾಡಬೇಕು. ಪತ್ರಿಕೆಗೆ ಸುಳ್ಳು ಹೇಳಿಬಿಡಬಹುದು. ಇಷ್ಟೂ ಕಡೆ ಒಂದೇ ಸುಳ್ಳನ್ನು ಹೊಂದಿಸಿ ಬರೆಯುವುದು ಕಷ್ಟ.

ಹಾಗೆಂದು ಪೈಲಟ್‌ಗಳು ಸುಳ್ಳುಗಾರರಲ್ಲ. ಎದುರಾಳಿ ಗುರಿಯಲ್ಲಿ ಸಿಗುವುದೇ ಒಂದೆರಡು ಸೆಕೆಂಡು. ಅದು ಹೊಗೆಯುಗುಳುತ್ತ ಕೆಳಕ್ಕೆ ಧುಮುಕಿದರೆ ಬಿತ್ತೆಂದೇ ಅನ್ನಿಸುತ್ತದೆ. ನೆಲಕ್ಕೆ ಬೀಳುವವರೆಗೂ ನೋಡುತ್ತ ಕೂತರೆ ಬೆನ್ನ ಹಿಂದೆ ಬಂದವನ ಗುಂಡಿಗೆ ತಾನೇ ಬಲಿ. ಒಂದೇ ವಿಮಾನಕ್ಕೆ ಇಬ್ಬರು ಗುಂಡಿಟ್ಟರೆ ಲೆಕ್ಕದಲ್ಲಿ ಎರಡಾಗುತ್ತದೆ. 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದೆವೆಂದು ಬ್ರಿಟನ್ ಸಾರಿತ್ತು. ಯುದ್ಧ ಮುಗಿದ ಮೇಲೆ ಜರ್ಮನರ ನಷ್ಟದ ದಾಖಲೆ ತೆರೆದು ನೋಡಿದರೆ ಸಿಕ್ಕಿದ್ದು 60ರ ಆಸುಪಾಸು.

ನಮ್ಮಲ್ಲೂ ಇದೇ ಕಥೆ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಸೆಪ್ಟೆಂಬರ್ 3ರಂದು, ನಮ್ಮ ವಾಯುಪಡೆಯ ಟ್ರೆವರ್ ಕೀಲರ್ ನ್ಯಾಟ್ ವಿಮಾನದಿಂದ ಪಾಕಿಸ್ತಾನದ ಒಂದು ಸೇಬರ್ ವಿಮಾನ ಉರುಳಿಸಿದ್ದಾಗಿ ದಾಖಲಾಯಿತು. ನ್ಯಾಟ್ ಎಂದರೆ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸುತ್ತಿದ್ದ ಪುಟ್ಟ ವಿಮಾನ. ಗುಂಡು ತಗುಲಿದ್ದು ನಿಜ. ಆದರೆ ಪಾಕಿಸ್ತಾನದ ಕಡೆಯ ವಿವರದಂತೆ ಆ ಸೇಬರ್ ಜಖಂಗೊಂಡೇ ನೆಲೆಗೆ ಮರಳಿತ್ತು. ನಾಲ್ಕು ದಿನದ ನಂತರ ಸರ್ಗೋಧಾ ವಾಯುನೆಲೆಯ ಬಳಿ ಪಾಕಿಸ್ತಾನದ ಪೈಲಟ್ ಎಂ.ಎಂ. ಆಲಂ ಒಂದೇ ಹೋರಾಟದಲ್ಲಿ ಭಾರತದ ಐದು ಹಂಟರ್‌ಗಳನ್ನು ಹೊಡೆದರೆಂಬ ಸುದ್ದಿ ಹಬ್ಬಿತು. ಅವರಿಗೆ ಎದುರಾದ ಐದು ಹಂಟರ್‌ಗಳ ತಂಡದಲ್ಲಿ ಮೂವರು ತಮ್ಮ ಹಲ್ವಾರಾ ನೆಲೆಗೆ ಹಿಂದಿರುಗಿದ್ದರೆಂದು ಭಾರತದ ದಾಖಲೆ ಹೇಳುತ್ತದೆ. ನಮ್ಮ ಕಡೆಯ ಹೇಳಿಕೆಗೂ ಅವರ ಕಡೆಯ ಹೇಳಿಕೆಗೂ ಒಂದೇ ತಕ್ಕಡಿ ಹಿಡಿಯದಿದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ.

ಅದೇ ತಕ್ಕಡಿ ಕೊಡಗಿನ ಒಬ್ಬರಿಗೆ ನ್ಯಾಯ ಒದಗಿಸಿತು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅದೇ ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾ ದಾಳಿಗೆ ತಂಡ ಹೊರಟಾಗ ಮೀಸಲು ಪೈಲಟ್. ತಂಡದ ಒಂದು ವಿಮಾನ ತಪ್ಪಿದ್ದರಿಂದ ಅವರ ಮಿಸ್ಟೇರ್ ವಿಮಾನ ಸಾಲಿಗೆ ಸೇರಿತು. ದಾಳಿ ಮುಗಿಸಿ ಮರಳುವಾಗ ಅವರು ಕಾಣೆಯಾದರು. ಏನಾಯಿತೆಂದು ಜೊತೆಗಾರರು ಯಾರೂ ನೋಡಿರಲಿಲ್ಲ. ಹೀಗಾಗಿ ಅವರ ಹೆಸರಿನಲ್ಲಿ ಹೇಳಿಕೆಯೇ ಇರಲಿಲ್ಲ.

ಇದ್ದದ್ದು ಆಚೆ ಕಡೆಯ ಪುಸ್ತಕದಲ್ಲಿ ಒಂದು ನಷ್ಟ. ಅಂದು ಬೆಳಗ್ಗೆ ಪಾಕಿಸ್ತಾನ ಒಂದು ಎಫ್-104 ಸ್ಟಾರ್‌ಫೈಟರ್ ಕಳೆದುಕೊಂಡಿತ್ತು. ಶಬ್ದದ ಎರಡರಷ್ಟು ವೇಗದ ಆ ವಿಮಾನದ ಪೈಲಟ್ ಅಮ್ಜದ್ ಹುಸೇನ್ ಹೊರಚಿಮ್ಮಿ ಬದುಕಿದ್ದರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನ ವಾಯುಪಡೆಯ ನೆರವಿನಿಂದ ಬರೆದ ಪುಸ್ತಕದಲ್ಲಿ, ಆ ಸ್ಟಾರ್‌ಫೈಟರನ್ನು ಹೊಡೆದದ್ದು ಒಂದು ಮಿಸ್ಟೇರ್ ಎಂಬ ಸಂಗತಿ ಹೊರಬಿತ್ತು. ಗುಂಡೇಟು ತಿಂದ ಮೇಲೂ ಆ ಮಿಸ್ಟೇರ್ ತಿರುಗಿಬಿದ್ದು ಸೆಣಸಿತ್ತು.

ಮುಂದಿನದು ತಾಳೆ ನೋಡುವ ಕೆಲಸ. ಯಾವ ಬಗೆಯ ವಿಮಾನ, ಯಾವ ಜಾಗ, ಎಷ್ಟು ಹೊತ್ತಿಗೆ? ಬೆಳಗಿನ ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಹಿಂದಿರುಗದಿದ್ದದ್ದು ಒಂದೇ, ದೇವಯ್ಯನವರದು. ಭಾರತದ ವಾಯುಪಡೆ ತನ್ನ ಯಾವ ವಿಮಾನ ಬಂತು, ಯಾವುದು ಬರಲಿಲ್ಲ ಎಂದು ಅಂದೇ ಬರೆದಿಟ್ಟ ಸಾಲು, ಎದುರಾಳಿಯ ಸಾಲಿನ ಪಕ್ಕ ಬಂದು ಕೂತಿತು. ಅಂದು ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಈ ವಿಷಯವನ್ನು ಬಿಡದೆ ಹಿಂಬಾಲಿಸಿದರು.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಆ ಬೆಳಗು ಕಳೆದು ಆಗಲೇ 23 ವರ್ಷವಾಗಿತ್ತು. ಅಷ್ಟೂ ವರ್ಷ ಅವರು ನಮ್ಮ ಪುಸ್ತಕದಲ್ಲಿ 'ಕಾಣೆಯಾದವರು'.